ಎಂಬತ್ತೇಳರಲ್ಲಿ ಒಂದು ಪಾಲು

ರೈಲ್ವೆ ಎಂಜಿನುಗಳ ಕಿರುರೂಪಗಳನ್ನು ರಚಿಸಿ, ಮೇಜಿನ ಮೇಲೆ ಹಾಸಿದ ಪುಟ್ಟ ಹಳಿಗಳ ಮೇಲೆ ಅವುಗಳನ್ನು ಓಡಿಸುವುದು ಪ್ರಪಂಚದ ಅನೇಕ ದೇಶಗಳಲ್ಲಿ ಬಹುಕಾಲದಿಂದ ಬೆಳೆದುಬಂದ ಹವ್ಯಾಸ. ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವವರು ಆಟಿಕೆಗೂ ಮಾದರಿಗೂ ಇರುವ ಅಂತರವನ್ನು ಗಮನಿಸಿರುವುದಿಲ್ಲ. ಆಟಿಕೆಯ ಎಂಜಿನು ಎಲ್ಲ ಎಂಜಿನುಗಳನ್ನೂ ಸ್ವಲ್ಪಸ್ವಲ್ಪ ಹೋಲುತ್ತದೆ. ಆದುದರಿಂದಲೇ ಯಾವುದೊಂದನ್ನೂ ಹೋಲುವುದಿಲ್ಲ. ಮಾದರಿಯಾದರೋ ಒಂದು ನಿರ್ದಿಷ್ಟ ಎಂಜಿನಿಗೆ ಉತ್ತರ ಹೇಳಬೇಕಾದ ವಸ್ತು. ಆ ಎಂಜಿನಿಗೆ ಒಂದು ಸಂಖ್ಯೆಯುಂಟು, ಅದು ಸೇರಿದ ಒಂದು ಶೆಡ್ಡು ಉಂಟು, ಅದು ಓಡಿದ ದಾರಿಯುಂಟು. ಮಾದರಿಗಾರನು ಇವುಗಳೊಡನೆ ಒಂದು ಕಾಲವನ್ನೂ ಆರಿಸಿಕೊಳ್ಳುತ್ತಾನೆ. ಆ ಕಾಲದಲ್ಲಿ ಆ ಎಂಜಿನು ಹೇಗಿತ್ತೋ ಹಾಗೆಯೇ ಮಾದರಿಯೂ ಇರಬೇಕೆಂಬುದು ಅವನ ವ್ರತ.

ಇಂತಹ ಮಾದರಿಗಳನ್ನು ಹಲವು ಅಳತೆಗಳಲ್ಲಿ ತಯಾರಿಸುತ್ತಾರೆ. ಅವುಗಳಲ್ಲಿ ಬಹು ಪ್ರಚಾರದಲ್ಲಿರುವುದು 'ಎಚ್‌ಓ' ಎಂಬ ಅಳತೆ. ಇದರಲ್ಲಿ ಮೂಲದ 87 ಮಿಲಿಮೀಟರು ಮಾದರಿಯಲ್ಲಿ 1 ಮಿಲಿಮೀಟರಾಗುತ್ತದೆ. ಭಾರತದ ರೈಲ್ವೆಯಲ್ಲಿ ದಶಕಗಳ ಕಾಲ ದುಡಿದ ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಎಂಜಿನನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಅದರ ಉದ್ದ 17.12 ಮೀಟರು, ಮಾದರಿಯಲ್ಲಿ ಅದು 197 ಮಿಲಿಮೀಟರಿನಷ್ಟು, ಎಂದರೆ ಒಂದು ಗೇಣಿನಷ್ಟು, ಆಗುತ್ತದೆ. ಹೊಸ ಚಕ್ರದ ವ್ಯಾಸ 1092 ಮಿಲಿಮೀಟರು. ಮಾದರಿಯಲ್ಲಿ ಅದು ಹನ್ನೆರಡೂವರೆ ಮಿಲಿಮೀಟರು. ತೂಕದ ವಿಷಯ ಇನ್ನೂ ಸ್ವಾರಸ್ಯಕರವಾಗಿದೆ. ಉದ್ದ, ಅಗಲ, ಎತ್ತರ ಮೂರೂ 87ರಲ್ಲಿ ಒಂದು ಪಾಲಾದಾಗ ಗಾತ್ರವು ಆರೂವರೆ ಲಕ್ಷದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. 112.8 ಟನ್ನು ಭಾರದ ಎಂಜಿನು ಈ ಲೆಕ್ಕದಲ್ಲಿ 171 ಗ್ರಾಂ ಮಾತ್ರ ತೂಗಬೇಕು. ಅಷ್ಟು ಹಗುರವಾದರೆ ಚಕ್ರಗಳು ಹಳಿಯನ್ನು ಹಿಡಿಯದೆ ಜಾರುವುದರಿಂದ, ಮಾದರಿಯೊಳಗೆ ಸಾಮಾನ್ಯವಾಗಿ ಹೆಚ್ಚಿನ ಭಾರವನ್ನು ಇಡುತ್ತಾರೆ. ಹಳಿಯ ವಿಷಯದಲ್ಲಿಯೂ ಒಂದು ರಾಜಿಯುಂಟು. ಎಚ್‌ಓ ಅಳತೆಯ ಹಳಿಗಳ ನಡುವಣ ಅಂತರವಾದ 16.5 ಮಿಲಿಮೀಟರು, ಯೂರೋಪು ಅಮೆರಿಕಗಳಲ್ಲಿ ರೂಢಿಯಲ್ಲಿರುವ 1435 ಮಿಲಿಮೀಟರಿನ ಹಳಿಗೆ ಹೊಂದುವಂತಹುದು. ನಮ್ಮ ದೇಶದ ಬ್ರಾಡ್‌ಗೇಜು 1676 ಮಿಲಿಮೀಟರು. ಅದಕ್ಕೆ ಸರಿಯಾಗಿ 19 ಮಿಲಿಮೀಟರಿಗೂ ಮೀರಿದ ಅಂತರ ಬೇಕು. ಸಿದ್ಧ ಹಳಿಗಳ ಮೇಲೆಯೇ ಓಡಿಸಬೇಕೆಂಬ ಕಾರಣದಿಂದ ಬಹುಮಂದಿ ಈ ಕೊರತೆಯನ್ನು ಸಹಿಸಿಕೊಳ್ಳುತ್ತಾರೆ.

ಅಳತೆಯ ಈ ನಿಯಮ ನೋಟಕ್ಕೂ ಅನ್ವಯಿಸುತ್ತದೆ. ಮಾದರಿಯನ್ನು 60 ಸೆಂಟಿಮೀಟರು ದೂರದಿಂದ ನೋಡುವವನು, ಮೂಲ ಎಂಜಿನನ್ನು 52 ಮೀಟರು ದೂರದಿಂದ ನೋಡಿದಂತೆಯೇ ಸರಿ. ಅಷ್ಟು ದೂರದಲ್ಲಿ ನಿಂತ ಎಂಜಿನಿನ ಬಣ್ಣ ಗಾಳಿ ಬೆಳಕುಗಳ ಪರದೆಯ ಹಿಂದೆ ಕೊಂಚ ತಿಳಿಯಾಗಿ ಕಾಣುತ್ತದೆ. ಆದಕಾರಣ ಶೆಡ್ಡಿನಲ್ಲಿ ಬಳಸಿದ ಬಣ್ಣವನ್ನೇ ತಂದು ಬಳಿದರೂ ಮಾದರಿ ಕಪ್ಪಾಗಿ, ಭಾರವಾಗಿ ತೋರುವುದು. ಬಣ್ಣಕ್ಕೆ ಸ್ವಲ್ಪ ಬಿಳಿಯನ್ನೋ ಬೂದುಬಣ್ಣವನ್ನೋ ಬೆರೆಸಿದಾಗಲೇ ಅದು ನಿಜವೆನಿಸುತ್ತದೆ. ಅಂತೆಯೇ, ಮಾದರಿಯ ಮೇಲೆ ಇಟ್ಟ 2 ಮಿಲಿಮೀಟರಿನ ತುಕ್ಕಿನ ಚುಕ್ಕೆ ಮೂಲದಲ್ಲಿ 17 ಸೆಂಟಿಮೀಟರಿನ ಹುಣ್ಣಾಗುತ್ತದೆ. ಅಂತಹ ಹುಣ್ಣನ್ನು ಹೊತ್ತ ಎಂಜಿನನ್ನು ಯಾವ ಶೆಡ್ಡೂ ಹೊರಗೆ ಕಳುಹಿಸಲಾರದು.

ಡಬ್ಲ್ಯುಡಿಎಂ-2 ಎಂಬ ಹೆಸರಿನಲ್ಲಿ 'ಡಬ್ಲ್ಯು' ಎಂಬುದು ಬ್ರಾಡ್‌ಗೇಜನ್ನೂ 'ಡಿ' ಎಂಬುದು ಡೀಸೆಲನ್ನೂ 'ಎಂ' ಎಂಬುದು ಪ್ರಯಾಣಿಕರ ಗಾಡಿ ಹಾಗೂ ಸರಕು ಗಾಡಿ ಎರಡನ್ನೂ ಎಳೆಯಬಲ್ಲ ಮಿಶ್ರ ಸೇವೆಯನ್ನೂ ಸೂಚಿಸುತ್ತವೆ. ಇದನ್ನು ರೂಪಿಸಿದುದು ಅಮೆರಿಕದ ಆಲ್ಕೋ ಎಂಬ ಕಂಪನಿ. 1962ರಲ್ಲಿ ಅಲ್ಲಿಂದ ಮೊದಲ ಎಂಜಿನುಗಳು ಬಂದವು. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಕಾರ್ಖಾನೆಯಿಂದ 1964ರ ಜನವರಿಯಲ್ಲಿ ಮೊದಲ ಎಂಜಿನು ಹೊರಬಂದಿತು. ಆಲ್ಕೋ ಕಂಪನಿ 1969ರಲ್ಲಿ ತನ್ನ ದೇಶದಲ್ಲಿ ಎಂಜಿನು ತಯಾರಿಕೆಯನ್ನೇ ನಿಲ್ಲಿಸಿತು. ಅದರ ವಿನ್ಯಾಸ ಮಾತ್ರ ಭಾರತದಲ್ಲಿ ಅನಂತರವೂ ದಶಕಗಳ ಕಾಲ ಮುಂದುವರಿಯಿತು. ಹದಿನಾರು ಸಿಲಿಂಡರುಗಳು, 2600 ಅಶ್ವಶಕ್ತಿ, ಮೂರು ಮೂರು ಅಚ್ಚುಗಳ ಎರಡು ಬೋಗಿಗಳು, ಒಂದೇ ಚಾಲಕನ ಕೋಣೆ, ಅದರ ಒಂದು ಬದಿಗೆ ಗಿಡ್ಡ ಮೂತಿ, ಮತ್ತೊಂದು ಬದಿಗೆ ಉದ್ದ ಮೂತಿ: ಇದು ಅದರ ಸ್ಥೂಲ ರೂಪ. ಇಂತಹ ಎರಡು ಸಾವಿರಕ್ಕೂ ಹೆಚ್ಚು ಎಂಜಿನುಗಳು ತಯಾರಾದವು.

ಒಂದೇ ನಕ್ಷೆಯಿಂದ ಹುಟ್ಟಿದ ಇಷ್ಟೊಂದು ಎಂಜಿನುಗಳು ಒಂದೇ ತೆರನಾಗಿ ಇರಬೇಕಲ್ಲವೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಹುಟ್ಟಿದ ದಿನ ಇದ್ದಿರಬಹುದು; ಹತ್ತು ವರ್ಷ ದುಡಿದ ಮೇಲೆ ಇರುವುದಿಲ್ಲ. ಕೆಲವು ಎಂಜಿನುಗಳನ್ನು ಮುಂಗಿಟಕಿಗಳು ದೊಡ್ಡದಾಗಿರುವಂತೆ ತಯಾರಿಸಿದರು. ಅವುಗಳಿಗೆ 'ಜಂಬೋ' ಎಂಬ ಅಡ್ಡಹೆಸರು ಬಂದಿತು. ಮೊದಲು ನಿರ್ವಾತ ಬ್ರೇಕಿನ ಗಾಡಿಗಳನ್ನಷ್ಟೇ ಎಳೆಯುತ್ತಿದ್ದ ಎಂಜಿನುಗಳಿಗೆ ಮುಂದೆ ಗಾಳಿ ಬ್ರೇಕಿನ ಸಲಕರಣೆಗಳನ್ನು ಜೋಡಿಸಿದರು. ಇದರಿಂದ ಮುಂಭಾಗದ ಬಫರ್ ತೊಲೆಯಲ್ಲಿ ದಪ್ಪನೆಯ ನಿರ್ವಾತ ಕೊಳವೆಯ ಜೊತೆಗೆ, ಹಸಿರು ಗುರುತಿನ ಬ್ರೇಕ್ ಕೊಳವೆಯೂ ಬಿಳಿ ಗುರುತಿನ ಪೂರೈಕೆ ಕೊಳವೆಯೂ ಕಾಣಿಸಿಕೊಂಡವು. ದೀಪಗಳು ಬದಲಾದವು. ಪ್ರತಿಯೊಂದು ಶೆಡ್ಡೂ ತನ್ನ ಎಂಜಿನುಗಳಿಗೆ ತನಗೆ ಒಪ್ಪಿದ ಬಣ್ಣವನ್ನು ಬಳಿಯಿತು. ಬೆಂಗಳೂರಿನ ಕೃಷ್ಣರಾಜಪುರಂ ಶೆಡ್ಡು 2003ರ ಏಪ್ರಿಲಿನಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿ ಉಳ್ಳ ನೈಋತ್ಯ ರೈಲ್ವೆ ಉದಯಿಸುವವರೆಗೆ ದಕ್ಷಿಣ ರೈಲ್ವೆಗೆ ಸೇರಿತ್ತು. ಆದುದರಿಂದ ಆ ಶೆಡ್ಡಿನ ಎಂಜಿನನ್ನು 1990ರ ದಶಕದ ರೂಪದಲ್ಲಿ ತೋರಿಸಹೊರಟವನು ಅದರ ಮೈಮೇಲೆ ನೈಋತ್ಯ ರೈಲ್ವೆಯ ಅಕ್ಷರಗಳನ್ನು ಬರೆದರೆ, ಕೆಲಸ ಎಷ್ಟೇ ನಯವಾಗಿದ್ದರೂ ಅದು ಸುಳ್ಳು. ಹೀಗೆ ಒಂದು ಕೊಳವೆ, ಒಂದು ದೀಪ, ಎರಡು ಅಕ್ಷರಗಳು ಕಾಲವನ್ನು ಹೇಳುತ್ತವೆ. ಮಾದರಿಗಾರನ ಕೆಲಸ ಕತ್ತರಿ ಕುಂಚಗಳಿಂದಲ್ಲ, ಭಾವಚಿತ್ರಗಳಿಂದ ಆರಂಭವಾಗುವುದು ಈ ಕಾರಣದಿಂದಲೇ. ಒಂದೇ ಎಂಜಿನಿನ ಎರಡು ಬದಿ, ಎರಡು ತುದಿ, ಸಾಧ್ಯವಾದರೆ ಮೇಲ್ಸೇತುವೆಯಿಂದ ತೆಗೆದ ಮೇಲ್ಛಾವಣಿಯ ಚಿತ್ರ, ಇವೆಲ್ಲವೂ ಹೆಚ್ಚು ಅಂತರವಿಲ್ಲದ ಕಾಲದವಾಗಿರಬೇಕು. ಮೇಲ್ಛಾವಣಿಯ ಚಿತ್ರ ದೊರೆಯುವುದೇ ಕಷ್ಟ. ಆದರೆ ಮಾದರಿಯಲ್ಲಿ ಎಲ್ಲರ ಕಣ್ಣಿಗೂ ಮೊದಲು ಬೀಳುವುದು ಮೇಲ್ಛಾವಣಿಯೇ.

ಚಿತ್ರಗಳು ಸಿದ್ಧವಾದ ಮೇಲೆ ಬಿಡಿಭಾಗಗಳ ಕೆಲಸ. ಅಚ್ಚಿನಲ್ಲಿ ಎರಕವಾಗಿ ಬಂದ ಮಾದರಿಯಲ್ಲಿ ಹಿಡಿಕಂಬಿಗಳು ಅನೇಕವೇಳೆ ಮೈಗೆ ಅಂಟಿಕೊಂಡ ಉಬ್ಬುಗೆರೆಗಳಾಗಿರುತ್ತವೆ. ಒಂದು ಮಿಲಿಮೀಟರು ದಪ್ಪದ ಹಿಡಿಕಂಬಿ ಎಂದರೆ ಮೂಲದಲ್ಲಿ 87 ಮಿಲಿಮೀಟರು ದಪ್ಪದ ಕಂಬವಾಯಿತು. ಅದನ್ನು ಯಾವ ಮನುಷ್ಯನ ಕೈಯೂ ಸುತ್ತಿ ಹಿಡಿಯಲಾರದು. ಆದುದರಿಂದ ಆ ಗೆರೆಗಳನ್ನು ಹರಿತವಾದ ಅಲಗಿನಿಂದ ಕೆರೆದು, ನುಣ್ಣನೆಯ ಉಪ್ಪುಕಾಗದದಿಂದ ಉಜ್ಜಿ, ಬೆರಳುಗಳಿಂದಲೇ ತಿರುಗಿಸುವ ಕಿರುಬೈರಿಗೆಯಿಂದ ತೂತು ಕೊರೆದು, 0.4 ಮಿಲಿಮೀಟರಿನ ಹಿತ್ತಾಳೆ ತಂತಿಯನ್ನು ಬಗ್ಗಿಸಿ ಕೂರಿಸುತ್ತಾರೆ. ಎಲ್ಲ ಕಂಬಿಗಳೂ ಮೈಯಿಂದ ಸಮಾನ ದೂರದಲ್ಲಿರಲೆಂದು ತಂತಿಯ ಹಿಂದೆ ರಟ್ಟಿನ ಒಂದು ತುಂಡನ್ನು ಇಟ್ಟು ಅಂಟು ಹಾಕುವುದುಂಟು. ಕಂಬಿಗಳ ಬಳಿಕ ಬ್ರೇಕ್ ಕೊಳವೆಗಳು, ಬಫರುಗಳ ನಡುವಣ ಕೊಂಡಿ, ಹಳಿಯ ಮೇಲಿನ ಅಡ್ಡಿಗಳನ್ನು ಬದಿಗೆ ತಳ್ಳುವ ಕಬ್ಬಿಣದ ಜಾಲರಿ, ಗಾಜು ಒರೆಸುವ ಕಡ್ಡಿಗಳು. ಇವೆಲ್ಲ ತಾಳ್ಮೆಯನ್ನು ಬೇಡುವ ಕೆಲಸಗಳೇ ಹೊರತು ವಿಶೇಷ ವಿವರಣೆಯನ್ನು ಬೇಡುವಂತಹವಲ್ಲ.

ಸಂಖ್ಯೆಗಳನ್ನು ಬರೆಯುವಲ್ಲಿ ಮಾತ್ರ ಒಂದು ಸೂಕ್ಷ್ಮವಿದೆ. ಇವು ನೀರಿನಲ್ಲಿ ನೆನೆಸಿ ಜಾರಿಸಿ ಅಂಟಿಸುವ ತೆಳುಪದರದ ಮೇಲೆ ಮುದ್ರಿತವಾಗಿರುತ್ತವೆ. ಒರಟಾದ ಬಣ್ಣದ ಮೇಲೆ ಈ ಪದರವನ್ನು ಕೂರಿಸಿದರೆ ಕೆಳಗಿನ ಸಣ್ಣ ಗುಳಿಗಳಲ್ಲಿ ಗಾಳಿ ಸಿಕ್ಕಿಕೊಂಡು, ಅಕ್ಷರದ ಸುತ್ತ ಬೆಳ್ಳಿಯ ಹಾಗೆ ಮಿನುಗುವ ಅಂಚು ಕಾಣುತ್ತದೆ. ಅದನ್ನು ತಡೆಯಲು ಮೊದಲು ಹೊಳಪಿನ ವಾರ್ನಿಷನ್ನು ಬಳಿದು ಮೈಯನ್ನು ನುಣುಪಾಗಿಸಿ, ಅಕ್ಷರಗಳು ಕುಳಿತು ಒಣಗಿದ ಮೇಲೆ ಹೊಳಪಿಲ್ಲದ ವಾರ್ನಿಷಿನಿಂದ ಇಡೀ ಮೈಯನ್ನು ಮುಚ್ಚುತ್ತಾರೆ.

ಇಷ್ಟಾದಾಗ ಕಾರ್ಖಾನೆಯಿಂದ ಆಗತಾನೇ ಹೊರಬಂದ ಎಂಜಿನಿನ ಕಿರುರೂಪವೊಂದು ಕೈಯಲ್ಲಿರುತ್ತದೆ. ಬಹುಕಾಲ ಮಾದರಿಗಾರರಲ್ಲಿ ಹಲವರು ಇಲ್ಲಿಗೇ ನಿಲ್ಲುತ್ತಿದ್ದರು. ಮಿರುಗುವುದೇ ಚೆಲುವೆಂದು ಭಾವಿಸುತ್ತಿದ್ದರು. ಕಷ್ಟಪಟ್ಟು ಬಳಿದ ಬಣ್ಣದ ಮೇಲೆ ಕೊಳೆಯನ್ನು ಬಳಿಯುವುದು ಅವರಿಗೆ ಅಪಚಾರವೆನಿಸಿತ್ತು. ಈ ಭಾವನೆಯನ್ನು ಬದಲಿಸಿದವರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದ ಮಾಂಟೆರೆ ಎಂಬ ಊರಿನ ಜಾನ್ ಆಲೆನ್ ಪ್ರಮುಖನು. ವೃತ್ತಿಯಿಂದ ಛಾಯಾಗ್ರಾಹಕನಾಗಿದ್ದ ಆತನು ತನ್ನ ಪುಟ್ಟ ರೈಲ್ವೆಯ ಎಂಜಿನುಗಳನ್ನೂ ಕಟ್ಟಡಗಳನ್ನೂ ಮಾಸಿದವುಗಳಾಗಿ, ಬಳಸಿದವುಗಳಾಗಿ ತೋರಿಸಿ ತೆಗೆದ ಚಿತ್ರಗಳು ಪತ್ರಿಕೆಗಳಲ್ಲಿ ಪ್ರಕಟವಾಗಿ ಅನೇಕರ ಕಣ್ಣು ತೆರೆಸಿದವು. ಆತನು 1973ರಲ್ಲಿ ತೀರಿಕೊಂಡನು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆತನ ರೈಲ್ವೆಯ ಬಹುಭಾಗ ನಾಶವಾಯಿತು. ಆದರೆ ಆತನು ಹಾಕಿಕೊಟ್ಟ ದಾರಿ ಉಳಿಯಿತು. ಮಳೆ, ಬಿಸಿಲು, ದೂಳು, ದುಡಿಮೆಗಳ ಗುರುತುಗಳನ್ನು ಮಾದರಿಯ ಮೇಲೆ ಮೂಡಿಸುವ ಈ ಕೆಲಸಕ್ಕೆ ಹವ್ಯಾಸಿಗಳು 'ವೆದರಿಂಗ್' ಎನ್ನುತ್ತಾರೆ.

ಕೊಳೆಯನ್ನು ಮನಬಂದಂತೆ ಬಳಿದರೆ ವೆದರಿಂಗ್ ಆಗುವುದಿಲ್ಲ. ಎಂಜಿನಿನ ಮೇಲಿನ ಪ್ರತಿಯೊಂದು ಕಲೆಗೂ ಒಂದು ಕಾರಣವಿದೆ. ಕಾರಣ ತಿಳಿದವನಿಗೆ ಕಲೆ ಎಲ್ಲಿರಬೇಕು, ಎಲ್ಲಿರಬಾರದು ಎಂಬುದು ತಾನಾಗಿಯೇ ತಿಳಿಯುತ್ತದೆ.

ಮೊದಲು ಹೊಗೆಯನ್ನು ನೋಡಬಹುದು. ಆಲ್ಕೋ ಎಂಜಿನುಗಳು ಹೊರಡುವಾಗ ಕಾರಿದ ಕರಿಹೊಗೆಯ ಮೋಡವನ್ನು ಕಂಡವರು ಮರೆಯಲಾರರು. ಚಾಲಕನು ಶಕ್ತಿಯನ್ನು ಹೆಚ್ಚಿಸಿದೊಡನೆ ಸಿಲಿಂಡರುಗಳಿಗೆ ಹೆಚ್ಚು ಎಣ್ಣೆ ಹರಿಯುತ್ತದೆ. ಆದರೆ ಅವುಗಳಿಗೆ ಗಾಳಿಯನ್ನು ತುಂಬುವ ಟರ್ಬೋ ಯಂತ್ರವು ವೇಗವನ್ನು ಪಡೆಯಲು ಕೆಲವು ಕ್ಷಣಗಳು ಬೇಕು. ಆ ಕ್ಷಣಗಳಲ್ಲಿ ಗಾಳಿ ಸಾಲದೆ ಎಣ್ಣೆ ಅರೆಬರೆಯಾಗಿ ಉರಿದು ಮಸಿಯಾಗುತ್ತದೆ. ಈ ಮಸಿ ಹೊಗೆಗೊಳವೆಯ ಸುತ್ತಲಿನ ಮೇಲ್ಛಾವಣಿಯ ಮೇಲೆ ಹೊಳಪಿಲ್ಲದ ಕಪ್ಪಾಗಿ ಕೂರುತ್ತದೆ. ಕೊಳವೆಯಿಂದ ದೂರ ಸರಿದಂತೆ ತೆಳುವಾಗುತ್ತದೆ. ಗಾಡಿ ಮುಂದಕ್ಕೆ ಓಡುವಾಗ ಮಸಿ ಹಿಂದಕ್ಕಷ್ಟೇ ಹರಡಬೇಕೆಂದು ತರ್ಕಿಸುವವರುಂಟು. ಆದರೆ ಡಬ್ಲ್ಯುಡಿಎಂ-2 ಗಿಡ್ಡ ಮೂತಿಯನ್ನು ಮುಂದಿಟ್ಟುಕೊಂಡೂ ಓಡುತ್ತಿತ್ತು, ಉದ್ದ ಮೂತಿಯನ್ನು ಮುಂದಿಟ್ಟುಕೊಂಡೂ ಓಡುತ್ತಿತ್ತು. ಆದಕಾರಣ ಅದರ ಮಸಿ ಕೊಳವೆಯ ಎರಡು ಕಡೆಗೂ ಹರಡಿರಬೇಕು.

ಎಂಜಿನಿನ ಕೆಳಭಾಗದ ಬಣ್ಣವೇ ಬೇರೆ. ಎರಕದ ಕಬ್ಬಿಣದ ಬ್ರೇಕ್ ಬ್ಲಾಕುಗಳು ಚಕ್ರವನ್ನು ಒತ್ತಿದಾಗಲೆಲ್ಲ ಕಬ್ಬಿಣದ ಸಣ್ಣ ಪುಡಿ ಉದುರುತ್ತದೆ. ಅದು ತೇವಕ್ಕೆ ತುಕ್ಕಾಗಿ, ಬೋಗಿಗಳ ಮೇಲೆ ಕಂದುಗೆಂಪು ಪದರವಾಗಿ ನಿಲ್ಲುತ್ತದೆ. ಅದರ ಮೇಲೆ ಸೋರಿದ ಎಣ್ಣೆ ಬಿದ್ದ ಕಡೆಯಲ್ಲಿ ಕಪ್ಪು ಮೆತ್ತಿಕೊಂಡು ಒದ್ದೆಯಂತೆ ಮಿನುಗುತ್ತದೆ. ಇಂಧನದ ತೊಟ್ಟಿಯ ಬಾಯಿಯ ಕೆಳಗೆ, ತುಂಬುವಾಗ ಚೆಲ್ಲಿದ ಡೀಸೆಲಿನ ಉದ್ದನೆಯ ಗೆರೆಯೊಂದು ಇದ್ದೇ ಇರುತ್ತದೆ. ಚಕ್ರ ಜಾರದಿರಲೆಂದು ಹಳಿಯ ಮೇಲೆ ಸುರಿಸುವ ಮರಳಿನ ಪೆಟ್ಟಿಗೆಗಳ ಕೆಳಗೆ ಇದಕ್ಕೆ ವಿರುದ್ಧವಾಗಿ ತಿಳಿಬಣ್ಣದ ಒಣ ಗೆರೆಗಳು ಕಾಣುತ್ತವೆ. ಬಫರಿನ ಮುಖಗಳು ಮೆತ್ತಿದ ಜಿಡ್ಡಿನಿಂದ ಕಪ್ಪಾಗಿರುತ್ತವೆ.

ಇವುಗಳಿಗೆಲ್ಲ ಊರಿನ ಮಣ್ಣೂ ಸೇರುತ್ತದೆ. ಬಳ್ಳಾರಿ ಹೊಸಪೇಟೆಗಳ ಕಡೆಯ ಕಬ್ಬಿಣದ ಅದಿರಿನ ಗಾಡಿಗಳನ್ನು ಎಳೆದ ಎಂಜಿನಿಗೆ ಆ ಕೆಂಪು ದೂಳು ಮೆಟ್ಟಿಲುಗಳಿಂದ ಹಿಡಿದು ಬಾಗಿಲುಗಳ ಸಂದಿಗಳವರೆಗೂ ಹತ್ತಿರುತ್ತದೆ. ಒಣ ಬಯಲಿನಲ್ಲಿ ಓಡಿದುದು ಬೂದುಗಂದು ಬಣ್ಣಕ್ಕೆ ತಿರುಗಿರುತ್ತದೆ. ಮಳೆಗಾಲದ ಎಂಜಿನು ಬೇಸಿಗೆಯ ಎಂಜಿನಿನಂತೆ ಇರುವುದಿಲ್ಲ: ಮಳೆ ಮೇಲಿನ ದೂಳನ್ನು ತೊಳೆದು ಕೆಳಗೆ ಇಳಿಸಿ, ಬದಿಗಳ ಮೇಲೆ ನೇರವಾದ ಸಣ್ಣ ಗೆರೆಗಳನ್ನು ಬಿಟ್ಟುಹೋಗುತ್ತದೆ. ಬಿಸಿಲು ಬಣ್ಣದ ಕಣಗಳನ್ನೇ ಸಾಯಿಸುತ್ತದೆ. ಮೇಲ್ಮುಖವಾದ ಭಾಗಗಳು ಮೊದಲು ಮಾಸುತ್ತವೆ, ಚಾಚಿದ ಅಂಚಿನ ನೆರಳಿನಲ್ಲಿರುವ ಪಟ್ಟಿ ಮಾತ್ರ ಹಳೆಯ ಬಣ್ಣವನ್ನು ಉಳಿಸಿಕೊಂಡಿರುತ್ತದೆ.

ಮನುಷ್ಯರ ಗುರುತುಗಳು ಇವೆಲ್ಲಕ್ಕಿಂತ ನವಿರಾದವು. ಮುಂಗಾಜಿನ ದೂಳಿನಲ್ಲಿ ಒರೆಸುಕಡ್ಡಿ ಗೀಚಿದ ಬೀಸಣಿಗೆಯಾಕಾರದ ತಿಳಿಭಾಗ. ಪಾದಗಳು ಸವೆಸಿದ ಮೆಟ್ಟಿಲಿನ ನಡುಭಾಗದಲ್ಲಿ ಹೊಳೆಯುವ ಲೋಹ. ಅಂಗೈಗಳು ಉಜ್ಜಿ ಉಜ್ಜಿ ಬಣ್ಣ ಹೋದ ಹಿಡಿಕಂಬಿ. ಚಾಲಕನು ಮೊಣಕೈಯೂರುವ ಕಿಟಕಿಯ ಕೆಳಗಿನ ಅಂಚು. ಕೆಲವು ಎಂಜಿನುಗಳಲ್ಲಿ ಮೈಯೆಲ್ಲ ದೂಳಾಗಿದ್ದರೂ ಸಂಖ್ಯೆಯ ಸುತ್ತ ಒಂದು ಹಿಡಿಯಷ್ಟು ಜಾಗವನ್ನು ಯಾರೋ ಹತ್ತಿಯ ಚಿಂದಿಯಿಂದ ಒರೆಸಿರುತ್ತಾರೆ. ಈ ಒರೆಸಿದ ಗುರುತನ್ನು ಮೂಡಿಸಬಲ್ಲವನು ಕೈಪಳಗಿದ ಮಾದರಿಗಾರನೆಂದು ಧಾರಾಳವಾಗಿ ಹೇಳಬಹುದು.

ಹೊಸಬರು ಎಡವುವುದು ತುಕ್ಕಿನಲ್ಲಿ. ಹಳೆಯದೆಂದು ತೋರಿಸುವ ಉತ್ಸಾಹದಲ್ಲಿ ಅವರು ಎಲ್ಲೆಂದರಲ್ಲಿ ಕಿತ್ತಳೆ ಬಣ್ಣವನ್ನು ಚಿಮುಕಿಸುತ್ತಾರೆ. ದುಡಿಯುವ ಎಂಜಿನು ಕೊಳೆಯಾಗಿರುತ್ತದೆ, ತುಕ್ಕು ಹಿಡಿದಿರುವುದು ಕಡಮೆ. ಶೆಡ್ಡಿನವರು ಅದನ್ನು ನಿಯತಕಾಲಕ್ಕೆ ಪರೀಕ್ಷಿಸುತ್ತಾರೆ, ತೊಳೆಯುತ್ತಾರೆ, ಮತ್ತೆ ಬಣ್ಣ ಬಳಿಯುತ್ತಾರೆ. ಬಿಸಿಗೆ ಬಣ್ಣ ಸುಟ್ಟುಹೋಗುವ ಹೊಗೆಗೊಳವೆ, ಆಮ್ಲ ತಾಗುವ ಬ್ಯಾಟರಿ ಪೆಟ್ಟಿಗೆ, ಬಾಗಿಲುಗಳ ಕೆಳಅಂಚು, ಕಲ್ಲು ಬಡಿದು ಬಣ್ಣ ಕಿತ್ತ ಜಾಲರಿ ಇಂತಹ ಕೆಲವೆಡೆಗಳಲ್ಲಿ ಮಾತ್ರ ತುಕ್ಕಿಗೆ ಹಕ್ಕುಂಟು. ಮೈಯೆಲ್ಲ ತುಕ್ಕಾದ ಎಂಜಿನನ್ನು ತೋರಿಸಬೇಕೆಂದರೆ ಅದನ್ನು ಗುಜರಿಯ ಸಾಲಿನಲ್ಲಿ ನಿಲ್ಲಿಸಬೇಕೇ ವಿನಾ ಗಾಡಿಯ ಮುಂದೆ ಅಲ್ಲ.

ಕಾರಣಗಳು ಮನದಟ್ಟಾದ ಮೇಲೆ ಸಾಧನಗಳು ಸರಳ. ಮಾಸಿದ ಬಣ್ಣಕ್ಕಾಗಿ ಬಿಳಿ ಬೆರೆಸಿದ ತೀರ ತೆಳುವಾದ ಬಣ್ಣವನ್ನು ಗಾಳಿಯೊತ್ತಡದ ಸಿಂಪಡಿಕೆಯಿಂದ ಹಾಯಿಸುತ್ತಾರೆ. ಸಂದುಗೊಂದುಗಳ ಕೊಳೆಗೆ ನೀರಿನಂತಹ ಕಂದುಬಣ್ಣವನ್ನು ಹರಿಯಬಿಡುತ್ತಾರೆ. ಅದು ತಾನೇ ಮೂಲೆಗಳನ್ನು ಹುಡುಕಿಕೊಂಡು ಹೋಗಿ ನಿಲ್ಲುತ್ತದೆ. ಮಳೆಯ ಗೆರೆಗೆ ಬಣ್ಣದ ಒಂದು ಚುಕ್ಕೆಯನ್ನಿಟ್ಟು, ತೇವವಾದ ಕುಂಚದಿಂದ ಮೇಲಿನಿಂದ ಕೆಳಕ್ಕೆ ಒಮ್ಮೆ ಎಳೆದರೆ ಸಾಕು. ದೂಳಿಗೂ ಮಸಿಗೂ ಬಣ್ಣದ ಸೀಮೆಸುಣ್ಣವನ್ನು ತೇಯ್ದ ಪುಡಿಯೇ ಉತ್ತಮ. ಈ ಪುಡಿ ಉದುರದಿರಲು ಮೇಲೆ ವಾರ್ನಿಷು ಬೇಕು. ವಾರ್ನಿಷು ಬಿದ್ದೊಡನೆ ಪುಡಿಯ ಬಹುಪಾಲು ಕಣ್ಮರೆಯಾದಂತೆ ತೋರುವುದರಿಂದ, ಬೇಕೆನಿಸಿದ್ದಕ್ಕಿಂತ ತುಸು ಹೆಚ್ಚಾಗಿಯೇ ಹಚ್ಚಬೇಕಾಗುತ್ತದೆ. ಪ್ರತಿ ಹಂತದಲ್ಲಿಯೂ ಭಾವಚಿತ್ರವನ್ನು ನೋಡಿ ಕೈ ತಡೆಯಬೇಕು. ಬಳಿದುದನ್ನು ತೆಗೆಯುವುದು ಬಳಿಯುವುದಕ್ಕಿಂತ ಕಠಿಣ.

ಇಷ್ಟೊಂದು ಶ್ರಮಕ್ಕೆ ಇಂದು ಹಿಂದೆಂದಿಗಿಂತ ಹೆಚ್ಚಿನ ಅರ್ಥವಿದೆ. ಹೆಚ್ಚು ಶಕ್ತಿಯ ಡೀಸೆಲ್ ಎಂಜಿನುಗಳು ಬಂದು, ಅನಂತರ ಬ್ರಾಡ್‌ಗೇಜ್ ದಾರಿಗಳ ಬಹುಪಾಲು ವಿದ್ಯುದೀಕರಣಗೊಂಡು, ಡಬ್ಲ್ಯುಡಿಎಂ-2 ಎಂಜಿನುಗಳಲ್ಲಿ ಬಹುತೇಕ ಗುಜರಿಗೆ ಸಂದುಹೋಗಿವೆ. ವಾರಾಣಸಿಯ ಆ ಕಾರ್ಖಾನೆಯೂ 2020ರಲ್ಲಿ ತನ್ನ ಹೆಸರಿನಿಂದ 'ಡೀಸೆಲ್' ಎಂಬ ಪದವನ್ನು ಕಳಚಿಟ್ಟು, ಬನಾರಸ್ ಲೋಕೋಮೋಟಿವ್ ವರ್ಕ್ಸ್ ಎನಿಸಿಕೊಂಡಿತು. ಹಳೆಯ ಎಂಜಿನುಗಳನ್ನು ಉಳಿಸುವ ಕೆಲಸವನ್ನು ವಸ್ತುಸಂಗ್ರಹಾಲಯಗಳು ಮಾಡುತ್ತಿವೆ. ದೆಹಲಿಯಲ್ಲಿ 1977ರಲ್ಲಿಯೂ ಮೈಸೂರಿನಲ್ಲಿ 1979ರಲ್ಲಿಯೂ ರೈಲು ಸಂಗ್ರಹಾಲಯಗಳು ತೆರೆದವು. ಆದರೆ ಸಂಗ್ರಹಾಲಯಕ್ಕೆ ಬಂದ ಎಂಜಿನಿಗೆ ಮೊದಲು ಆಗುವ ಉಪಚಾರವೆಂದರೆ ತೊಳೆದು ಹೊಸ ಬಣ್ಣ ಬಳಿಯುವುದು. ಲೋಹವನ್ನು ಕಾಪಾಡಲು ಅದು ಅಗತ್ಯವೂ ಹೌದು. ಅದರಿಂದ ಯಂತ್ರ ಉಳಿಯುತ್ತದೆ. ಅದರ ಮೈಮೇಲೆ ದುಡಿಮೆ ಬರೆದಿದ್ದ ಬರಹ ಅಳಿಸಿಹೋಗುತ್ತದೆ. ಆ ಬರಹ ಉಳಿಯುವುದು ಹಳೆಯ ಭಾವಚಿತ್ರಗಳಲ್ಲಿ. ಮೂರು ಆಯಾಮಗಳಲ್ಲಿ ಉಳಿಯುವುದಾದರೆ ಗೇಣುದ್ದದ ಈ ಮಾದರಿಗಳಲ್ಲಿ. ತಾನು ಕಾಣದ ಕಲೆಯನ್ನು ಅಂದಕ್ಕೆಂದು ಸೇರಿಸಿದ ಮಾದರಿಗಾರನು ಆ ದಾಖಲೆಯನ್ನು ಕೆಡಿಸಿದಂತೆಯೇ ಸರಿ.

ಕೊನೆಯ ಕೆಲಸ ಚಕ್ರಗಳದು. ಚಕ್ರದ ಹೊರಮುಖವನ್ನು ಬೋಗಿಯ ಬಣ್ಣದಂತೆಯೇ ಕಂದುಗಪ್ಪಾಗಿಸಬೇಕು. ಆದರೆ ಹಳಿಯನ್ನು ತಾಗುವ ಸುತ್ತುಪಟ್ಟಿಯ ಮೇಲೆ ಬಣ್ಣದ ಕಣವೂ ಇರಬಾರದು. ಮೂಲದಲ್ಲಿ ಆ ಪಟ್ಟಿ ಉಕ್ಕು ಉಕ್ಕನ್ನು ಉಜ್ಜಿ ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಮಾದರಿಯಲ್ಲಿ ಮತ್ತೊಂದು ಕಾರಣವೂ ಉಂಟು: ಒಳಗಿನ ಪುಟ್ಟ ಮೋಟಾರಿಗೆ ಬೇಕಾದ ವಿದ್ಯುತ್ತು ಎರಡು ಹಳಿಗಳಿಂದ ಆ ಪಟ್ಟಿಯ ಮೂಲಕವೇ ಏರಿಬರಬೇಕು. ಅಲ್ಲಿ ಬಣ್ಣ ಬಿದ್ದರೆ ಎಂಜಿನು ಕದಲದು. ಆದುದರಿಂದ ಕುಂಚವನ್ನು ಕೆಳಗಿಟ್ಟ ಮಾದರಿಗಾರನು, ಹತ್ತಿಯ ಬತ್ತಿಗೆ ತುಸು ಸ್ಪಿರಿಟ್ಟನ್ನು ಹಚ್ಚಿ, ಆರು ಅಚ್ಚುಗಳ ಹನ್ನೆರಡು ಚಕ್ರಗಳನ್ನೂ ಒಂದೊಂದಾಗಿ ತಿರುಗಿಸುತ್ತ ಒರೆಸಿ, ಎಂಜಿನನ್ನು ಹಳಿಯ ಮೇಲೆ ಇಡುತ್ತಾನೆ.